ಅಟ್ಟದ ಮೇಲಿದ್ದ ಹನ್ನೊಂದು ಬೇರಿಂಗ್

ನಮ್ಮ ಯಜಮಾನರು ಮೆಟ್ಟಿಲಿನ ತಿರುವಿನಲ್ಲಿ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ಅಭ್ಯಾಸ ಶುರುಮಾಡಿ ಆರು ತಿಂಗಳಾಗಿತ್ತು.

ನಮ್ಮದು ಮೂರನೇ ಮಹಡಿಯ ಮನೆ. ಐವತ್ತನಾಲ್ಕು ಮೆಟ್ಟಿಲು, ಲಿಫ್ಟ್ ಇಲ್ಲ. ನಾನು ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಬಸ್ಸಿನ ಸೀಟುಗಳಿಗೆ ಕವರು ಹೊಲಿಯುತ್ತೇನೆ. ಸಂಜೆ ಅವರು ಮೆಟ್ಟಿಲು ಹತ್ತುವ ಸದ್ದು ಅಲ್ಲಿಗೆ ಚೆನ್ನಾಗಿ ಕೇಳುತ್ತದೆ. ಮೊದಲ ತಿರುವಿನಲ್ಲಿ ಸದ್ದು ನಿಲ್ಲುತ್ತಿತ್ತು. ಎರಡನೇ ತಿರುವಿನಲ್ಲಿ ಮತ್ತೆ ನಿಲ್ಲುತ್ತಿತ್ತು. ಒಂದು ದಿನ ಇಣುಕಿ ನೋಡಿದರೆ ಗೋಡೆಗೆ ಒರಗಿ, ಕಾಲೆತ್ತಿ, ಪಟ್ಟಿ ಎಳೆಯುತ್ತಿದ್ದರು. ಪಟ್ಟಿ ಸರಿಯಾಗಿಯೇ ಇತ್ತು.

"ಅದೆಷ್ಟು ದಿನ ಆ ಹಳೇ ಚಪ್ಪಲಿ ಎಳೀತೀರಿ?" ಎಂದು ಬೈದು ನಾನೇ ಹೋಗಿ ಹೊಸದು ತಂದೆ. ಅದನ್ನೂ ಅದೇ ತಿರುವಿನಲ್ಲಿ ನಿಂತು ಸರಿಮಾಡಿಕೊಳ್ಳತೊಡಗಿದರು.

ಅವರಿಗೆ ಹೃದಯದ ತೊಂದರೆ ಇರುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಒಂದೂವರೆ ವರ್ಷದ ಹಿಂದೆ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ಆಸ್ಪತ್ರೆಗೆ ಸೇರಿಸಿದ್ದೆವು. ಹೃದಯ ವೈಫಲ್ಯ ಎಂದರು. ಆ ಎರಡು ಪದ ಕೇಳಿ ಹೃದಯ ನಿಂತೇಹೋಯಿತು ಎಂದುಕೊಂಡೆ. "ಹೃದಯ ನಿಂತುಹೋಗಿಲ್ಲಮ್ಮ, ರಕ್ತ ತಳ್ಳೋ ಶಕ್ತಿ ಕಮ್ಮಿಯಾಗಿದೆ, ಅಷ್ಟೇ" ಎಂದು ಡಾಕ್ಟರು ಸಮಾಧಾನ ಹೇಳಿದರು. 'ಅಷ್ಟೇ' ಎಂಬುದನ್ನು ಡಾಕ್ಟರುಗಳು ಬಹಳ ಸುಲಭವಾಗಿ ಹೇಳಿಬಿಡುತ್ತಾರೆ. ದಿನಕ್ಕೆ ಐದು ಮಾತ್ರೆ, ಊಟದಲ್ಲಿ ಉಪ್ಪು ಕಡಿಮೆ, ಬೆಳಿಗ್ಗೆ ಎದ್ದ ಕೂಡಲೇ ತೂಕ. ಹೇಳಿದ್ದೆಲ್ಲ ಮಾಡಿದೆವು. ಊತ ಇಳಿಯಿತು. ಮಲಗಿದರೆ ನಿದ್ದೆ ಬರತೊಡಗಿತು. ಮತ್ತೆ ಕೆಲಸಕ್ಕೆ ಹೊರಟರು. ಸದ್ಯ, ಗಂಡಾಂತರ ಕಳೆಯಿತು ಎಂದುಕೊಂಡೆ.

ಆಮೇಲೆ ಶುರುವಾಯಿತು ಈ ಸುಸ್ತು. ಬೆಳಿಗ್ಗೆ ಎದ್ದವರು ರಾತ್ರಿಯೆಲ್ಲ ಮೂಟೆ ಹೊತ್ತವರ ಹಾಗೆ ಕಾಣುತ್ತಿದ್ದರು. ಸ್ನಾನ ಮಾಡಿ ಬಂದು ಹತ್ತು ನಿಮಿಷ ಕೂರುತ್ತಿದ್ದರು. ಅಂಗಿ ಹಾಕಿಕೊಂಡು ಇನ್ನೈದು ನಿಮಿಷ. ತೂಕ ಏರಿರಲಿಲ್ಲ, ಕಾಲು ಊದಿರಲಿಲ್ಲ.

"ಏನಾಗಿದೆ ರೀ ನಿಮಗೆ?"

"ವಯಸ್ಸಾಯ್ತು ಕಣೆ."

"ಐವತ್ತಾರಕ್ಕೆ ಎಂಥ ವಯಸ್ಸು?"

"ನನ್ನ ಐವತ್ತಾರು ಸ್ವಲ್ಪ ಬೇಗ ಬಂದಿದೆ ಅಂದ್ಕೋ."

ಡಾಕ್ಟರ ಹತ್ತಿರ ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಹೇಗಿದ್ದೀರಿ ಎಂದು ಅವರು ಕೇಳುತ್ತಿದ್ದರು. ಚೆನ್ನಾಗಿದ್ದೇನೆ ಎಂದು ಇವರು ಹೇಳುತ್ತಿದ್ದರು. ಕಾಯುವ ಬೆಂಚಿನಿಂದ ಡಾಕ್ಟರ ಮೇಜಿಗೆ ಆರೇ ಹೆಜ್ಜೆ. ಆರು ಹೆಜ್ಜೆಗೆ ಯಾರಿಗೂ ಸುಸ್ತಾಗುವುದಿಲ್ಲ. ನಾನು ಬಾಯಿ ತೆರೆಯಲು ಹೋದರೆ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದರು.

ನಾನು ನನಗೆ ತೋಚಿದ್ದನ್ನು ಮಾಡಿದೆ. ಮಗಳ ಬಸುರಿನ ಕಾಲದ ಕಬ್ಬಿಣದ ಮಾತ್ರೆ ಡಬ್ಬಿಯಲ್ಲಿ ಉಳಿದಿತ್ತು. ಡಾಕ್ಟರಿಗೆ ಒಂದು ಮಾತೂ ಹೇಳದೆ ದಿನಕ್ಕೊಂದರಂತೆ ಎರಡು ತಿಂಗಳು ನುಂಗಿಸಿದೆ. ಹೊಟ್ಟೆ ಕಟ್ಟಿತು, ಸುಸ್ತು ಬಿಡಲಿಲ್ಲ. ಬೀದಿಯ ಕೊನೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಹದಿಮೂರೂವರೆ ಬಂತು. "ರಕ್ತ ಚೆನ್ನಾಗಿದೆ" ಎಂದ ಲ್ಯಾಬಿನವನು. ರಕ್ತ ಚೆನ್ನಾಗಿದೆ, ಊತ ಇಲ್ಲ, ಮಾತ್ರೆ ನುಂಗುತ್ತಿದ್ದಾರೆ, ಆದರೂ ಒಂದು ಬಕೆಟ್ ನೀರು ಎತ್ತುವುದಿಲ್ಲ. ನಿಜ ಹೇಳುತ್ತೇನೆ, ಸೋಮಾರಿತನ ಎಂದುಕೊಂಡೆ. ನನಗೂ ಸಾಕಾಗಿತ್ತು. ಹಾಗೆ ಅಂದುಕೊಂಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಇನ್ನು ಅವರ ಕೆಲಸದ ವಿಷಯ ಹೇಳಬೇಕು. ಬಸ್ಸು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಅವರು ಸ್ಟೋರ್‌ಕೀಪರ್. ಇಪ್ಪತ್ತಾರು ವರ್ಷದಿಂದ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲೇ ಇದೆ. ಬೋಲ್ಟಿನಿಂದ ಹಿಡಿದು ಬ್ರೇಕ್ ಲೈನಿಂಗ್ ತನಕ ಯಾವ ಸಾಮಾನು ಯಾವ ಖಾನೆಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಅದಕ್ಕೇ ಮೆಕ್ಯಾನಿಕ್‌ಗಳು ಅವರನ್ನು 'ಖಜಾನೆ' ಎಂದು ಕರೆಯುತ್ತಿದ್ದರು. ಅವರದೊಂದು ನಿಯಮವಿತ್ತು. ಕೌಂಟರಿನಿಂದ ಒಳಗೆ ಯಾರೂ ಕಾಲಿಡಬಾರದು. ಫೋರ್‌ಮನ್ನನೂ ಇಡಬಾರದು, ಮ್ಯಾನೇಜರೂ ಇಡಬಾರದು. ಹಿಂದೊಮ್ಮೆ ಯಾರೋ ಒಳಗೆ ನುಗ್ಗಿ ಸಾಮಾನೆಲ್ಲ ಕಲಸಿಹಾಕಿದ ಮೇಲೆ ಅವರೇ ಮಾಡಿಕೊಂಡ ನಿಯಮ ಅದು. ಸಾಮಾನು ಬೇಕಾದವರು ಹೊರಗೆ ನಿಂತು ಕೇಳಬೇಕು, ಇವರು ತಂದುಕೊಡಬೇಕು. ಉಗ್ರಾಣದ ಅರ್ಧ ಸಾಮಾನು ಅಟ್ಟದ ಮೇಲಿದೆ. ಅಟ್ಟಕ್ಕೆ ಹದಿನಾಲ್ಕು ಮೆಟ್ಟಿಲಿನ ಕಬ್ಬಿಣದ ಏಣಿ.

ಒಂದು ಶುಕ್ರವಾರ ಸಂಜೆ ಫೋರ್‌ಮನ್ ಮನೆಗೆ ಬಂದ. ಸೀಟ್ ಕವರು ಒಯ್ಯಲು ಬಂದಿದ್ದಾನೆ ಎಂದುಕೊಂಡು ಕಟ್ಟು ತಂದಿಟ್ಟೆ. ಅವನು ಕಟ್ಟಿನ ಕಡೆ ನೋಡಲೇ ಇಲ್ಲ. ಕೊಟ್ಟ ಚಹಾವನ್ನೂ ಮುಟ್ಟಲಿಲ್ಲ. ನಮ್ಮ ಯಜಮಾನರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಅತ್ತಿಗೆ, ನಿಮ್ಮೆದುರಿಗೇ ಹೇಳ್ತೀನಿ," ಎಂದ ಫೋರ್‌ಮನ್. "ಒಂದು ಬಸ್ಸು ಮೂರು ದಿನದಿಂದ ಚಕ್ರ ಬಿಚ್ಕೊಂಡು ನಿಂತಿದೆ. ಮುಂದಿನ ಚಕ್ರದ ಬೇರಿಂಗ್ ಹೋಗಿತ್ತು. ಅಣ್ಣನ್ನ ಕೇಳಿದ್ರೆ ಇಲ್ಲಪ್ಪ, ಖಾಲಿ ಅಂದ್ರು. ಹೊರಗಡೆ ಹುಡುಕ್ಸಿದೆ, ಸಿಗಲಿಲ್ಲ. ಇವತ್ತು ಮಧ್ಯಾಹ್ನ ಅಣ್ಣ ಊಟಕ್ಕೆ ಕೂತಿದ್ದಾಗ ನಾನೇ ಏಣಿ ಹತ್ತಿ ನೋಡಿದೆ. ಹನ್ನೊಂದು ಬೇರಿಂಗ್ ಇದಾವೆ ಮೇಲೆ. ಧೂಳು ಹಿಡ್ಕೊಂಡು ಕೂತಿದಾವೆ."

ನಾನು ಯಜಮಾನರ ಮುಖ ನೋಡಿದೆ. ಅವರು ಚಪ್ಪಲಿ ನೋಡಿಕೊಳ್ಳುತ್ತಿದ್ದರು.

"ಇದೊಂದೇ ಆದ್ರೆ ಮರೆತಿದ್ರು ಅನ್ನಬಹುದಿತ್ತು. ಮೂರು ನಾಲ್ಕು ತಿಂಗಳಿಂದ ಏನು ಕೇಳಿದ್ರೂ ಇಲ್ಲಪ್ಪ, ಇಲ್ಲಪ್ಪ. ಹುಡುಗರು ಈಗ ಅವರಿಗೆ ಇಲ್ಲಪ್ಪ ಅಂತಲೇ ಹೆಸರಿಟ್ಟಿದಾರೆ. ನಕ್ಕೊಂಡು ಸುಮ್ಮನಿದ್ವಿ. ಈಗ ಬೇರೆ ಮಾತು ಎದ್ದಿದೆ. ಸಾಮಾನು ಬಚ್ಚಿಟ್ಟು ಹೊರಗೆ ಸಾಗಿಸ್ತಿದಾರೆ ಅಂತ. ನಾನು ನಂಬಲ್ಲ ಅತ್ತಿಗೆ. ಆದ್ರೆ ಮ್ಯಾನೇಜರಿಗೆ ಏನು ಹೇಳ್ಲಿ? ಸೋಮವಾರ ಬೀಗದ ಕೈ ತಂದುಕೊಡೋಕೆ ಹೇಳಿದಾರೆ."

ಅವನು ಹೋದ ಮೇಲೆ ಆರಿದ ಚಹಾದ ಲೋಟ ಎತ್ತಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸ್ಕ್ರೂ ಮನೆಗೆ ತಂದವರಲ್ಲ ಅವರು. ನನ್ನ ಹೊಲಿಗೆ ಯಂತ್ರದ ಸ್ಕ್ರೂ ಕಳೆದಾಗ ಅಂಗಡಿಯಿಂದಲೇ ತಂದುಕೊಟ್ಟಿದ್ದರು. ಅಂಥವರಿಗೆ ಕಳ್ಳ ಎಂಬ ಹೆಸರು ಬರುತ್ತಿದೆ, ಇವರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ.

"ಬೇರಿಂಗ್ ಮೇಲಿದೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ಯಾಕೆ ಇಲ್ಲ ಅಂದ್ರಿ?"

ಅವರು ಗೋಡೆ ನೋಡುತ್ತ ಹೇಳಿದರು. "ಹತ್ತೋಕೆ ಆಗಲ್ಲ ಕಣೆ. ನಾಲ್ಕು ಮೆಟ್ಟಿಲು ಹತ್ತಿದ್ರೆ ಕಣ್ಣು ಮಂಜಾಗುತ್ತೆ. ಮೊದಮೊದಲು ಬೇಕಾದ್ದೆಲ್ಲ ಸ್ವಲ್ಪ ಸ್ವಲ್ಪನೇ ಕೆಳಗೆ ತಂದಿಟ್ಕೊಂಡೆ. ಆಮೇಲೆ ಅದೂ ಆಗಲಿಲ್ಲ. ಮೇಲಿರೋದೆಲ್ಲ ಇಲ್ಲ ಅಂತ ಹೇಳೋಕೆ ಶುರು ಮಾಡಿದೆ."

"ಯಾರನ್ನಾದ್ರೂ ಹತ್ತಿಸಬಹುದಿತ್ತಲ್ಲ."

"ಒಳಗೆ ಯಾರೂ ಬರಬಾರದು ಅಂತ ನಾನೇ ಬೋರ್ಡ್ ಹಾಕಿದೀನಿ."

"ಆಗಲ್ಲ ಅಂತ ಹೇಳೋಕೇನು ನಿಮಗೆ? ಕಳ್ಳ ಅನ್ನಿಸ್ಕೊಳ್ಳೋದು ಅದಕ್ಕಿಂತ ಚೆನ್ನಾಗಿತ್ತಾ?"

"ಕಳ್ಳ ಅಂದ್ರೆ ವಿಚಾರಣೆಯಾದ್ರೂ ಮಾಡ್ತಾರೆ," ಎಂದರು ಯಜಮಾನರು. "ಕೈಲಾಗದವನು ಅಂದ್ರೆ ವಿಚಾರಣೆನೂ ಇಲ್ಲ, ಮನೆಗೆ ಕಳಿಸ್ತಾರೆ."

ನನಗೆ ಅಳು ಬಂತು. ಸಿಟ್ಟೂ ಬಂತು. ಎರಡಕ್ಕೂ ಶಕ್ತಿಯಿರಲಿಲ್ಲ, ಹೋಗಿ ಒಲೆ ಹಚ್ಚಿದೆ.

ಮರುದಿನ ಬೆಳಿಗ್ಗೆ ಅವರು ಹಾಲು ತರಲು ಇಳಿದವರು ಎಷ್ಟು ಹೊತ್ತಾದರೂ ಬರಲಿಲ್ಲ. ಇಳಿದು ನೋಡಿದರೆ ಮೊದಲ ತಿರುವಿನಲ್ಲಿ ಗೋಡೆಗೆ ಒರಗಿದ್ದಾರೆ. ಎದುರಿಗೆ ಕೆಳಮನೆಯ ನರ್ಸ್ ನಿಂತಿದ್ದಾಳೆ. ಅವಳು ಹೃದಯದ ವಾರ್ಡಿನಲ್ಲಿ ಕೆಲಸ ಮಾಡುವವಳು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು, ಕಣ್ಣು ಕೆಂಪಗಿದ್ದವು. ನಮ್ಮ ಹಾಲಿನ ಪಾತ್ರೆ ಅವಳ ಕೈಯಲ್ಲಿತ್ತು.

"ಭಾವ, ಆ ಚಪ್ಪಲಿನ ಬಿಟ್ಬಿಡಿ ಪಾಪ," ಎನ್ನುತ್ತಿದ್ದಳು. "ನಮ್ಮ ವಾರ್ಡಿಗೆ ಬರೋರಲ್ಲಿ ಅರ್ಧ ಜನ ಮೆಟ್ಟಿಲ ಮೇಲೆ ಚಪ್ಪಲಿ ರಿಪೇರಿ ಮಾಡೋರೇ. ಇನ್ನರ್ಧ ಜನ ಫೋನ್ ನೋಡ್ತಾರೆ."

ಅವಳೇ ಹಾಲು ಹಿಡಿದು ಮೇಲೆ ಬಂದಳು. ನಾನು ಬೇಡವೆಂದುಕೊಂಡರೂ ಬಾಯಿ ನಿಲ್ಲಲಿಲ್ಲ, ಬೇರಿಂಗಿನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಅವಳು ಆಕಳಿಸುತ್ತ ಕೇಳಿದಳು, ಆದರೆ ಒಂದು ಮಾತೂ ಬಿಡದೆ ಕೇಳಿದಳು.

"ಕಬ್ಬಿಣಾಂಶ ನೋಡಿಸಿದೀರಾ ಅಕ್ಕ?"

"ರಕ್ತ ನೋಡಿಸಿದೆ. ಹದಿಮೂರೂವರೆ ಇದೆ."

"ಅದು ಹಿಮೋಗ್ಲೋಬಿನ್. ನಾನು ಕೇಳ್ತಿರೋದು ಕಬ್ಬಿಣ. ಹಿಮೋಗ್ಲೋಬಿನ್ ಸರಿಯಿದ್ರೂ ಕಬ್ಬಿಣ ಕಮ್ಮಿ ಇರಬಹುದು. ಹೃದಯ ವೈಫಲ್ಯ ಇರೋರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಹೀಗಿರುತ್ತೆ."

ಯಜಮಾನರು ಒಣ ನಗು ನಕ್ಕರು. "ಇಪ್ಪತ್ತಾರು ವರ್ಷ ಕಬ್ಬಿಣದ ಮಧ್ಯೆನೇ ಕೂತಿದೀನಮ್ಮ. ನಂಗೇ ಕಬ್ಬಿಣ ಕಮ್ಮಿ ಅಂದ್ರೆ ಬಸ್ಸುಗಳು ನಗ್ತವೆ."

"ನಗಲಿ ಬಿಡಿ. ಕಬ್ಬಿಣ ಬರೀ ರಕ್ತಕ್ಕೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಕಾಲಿನ ಮಾಂಸಖಂಡಕ್ಕೂ ಬೇಕು, ಹೃದಯನೂ ಮಾಂಸಖಂಡನೇ, ಅದಕ್ಕೂ ಬೇಕು. ತಿಂದ ಊಟ ಶಕ್ತಿಯಾಗಬೇಕಾದ್ರೆ ಕಬ್ಬಿಣ ಬೇಕು. ಅದಿಲ್ದೆ ಇದ್ರೆ ಎಷ್ಟು ತಿಂದ್ರೂ, ಎಷ್ಟು ಮಲಗಿದ್ರೂ ಸುಸ್ತು ಹೋಗಲ್ಲ."

"ಮಾತ್ರೆ ಕೊಟ್ನಲ್ಲ, ಎರಡು ತಿಂಗಳು," ಎಂದೆ ನಾನು. ಹೇಳುವಾಗಲೇ ತಪ್ಪು ಮಾಡಿದ್ದೇನೆಂದು ಗೊತ್ತಾಗುತ್ತಿತ್ತು.

"ಯಾರು ಬರೆದುಕೊಟ್ರು?"

ನಾನು ಮಾತ್ರೆಯ ಡಬ್ಬಿ ತಂದು ಅವಳ ಮುಂದಿಟ್ಟೆ.

"ಹೋಗ್ಲಿ, ಇನ್ನು ಕೊಡಬೇಡಿ. ಕಬ್ಬಿಣ ಜಾಸ್ತಿಯಾದ್ರೂ ತೊಂದರೆನೇ, ಪರೀಕ್ಷೆ ಮಾಡದೆ ಯಾರಿಗೂ ಕೊಡಬಾರದು. ಅಲ್ದೆ ಈ ಕಾಯಿಲೆಯಲ್ಲಿ ಮಾತ್ರೆ ಅಷ್ಟಾಗಿ ಕೆಲಸ ಮಾಡಲ್ಲ." ಅವಳು ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. "ಬಹಳ ದಿನದ ಕಾಯಿಲೆ ಒಳಗಿದ್ರೆ ಲಿವರ್‌ನಿಂದ ಒಂದು ಸುದ್ದಿ ಹೋಗುತ್ತೆ, ಬಾಗಿಲು ಹಾಕಿ ಅಂತ. ಕರುಳಿನ ಬಾಗಿಲು ಮುಚ್ಚುತ್ತೆ, ಮಾತ್ರೆಯಲ್ಲಿ ಬಂದ ಕಬ್ಬಿಣ ಒಳಗೆ ಹೋಗಲ್ಲ. ದೇಹದಲ್ಲಿ ಕಬ್ಬಿಣ ಕೂಡಿಡೋ ಉಗ್ರಾಣದ ಬಾಗಿಲೂ ಮುಚ್ಚುತ್ತೆ, ಒಳಗಿರೋದು ಹೊರಗೆ ಬರಲ್ಲ. ಕೆಲವರಿಗೆ ಉಗ್ರಾಣನೇ ಖಾಲಿ ಇರುತ್ತೆ. ಇನ್ನು ಕೆಲವರಿಗೆ ಉಗ್ರಾಣದಲ್ಲಿ ಇರುತ್ತೆ, ಬೇಕಾದ ಕಡೆಗೆ ಹೋಗಲ್ಲ. ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ."

ಯಜಮಾನರು ತಲೆಯೆತ್ತಿದರು. ಹಿಂದಿನ ಸಂಜೆಯಿಂದ ಅದೇ ಮೊದಲು.

"ಸಾಮಾನು ಇರುತ್ತೆ. ಕೇಳಿದ್ರೆ ಇಲ್ಲ ಅನ್ನುತ್ತೆ. ಬಸ್ಸು ನಿಂತಿರುತ್ತೆ," ಎಂದರು ಮೆಲ್ಲಗೆ. "ಹಂಗಾದ್ರೆ ನನ್ನೊಳಗೂ ಒಬ್ಬ ಇಲ್ಲಪ್ಪ ಕೂತಿದಾನೆ ಅನ್ನು."

"ಹೌದು ಭಾವ."

"ಯಾಕೆ ಮುಚ್ಚುತ್ತೆ ಅದು?"

"ಸೋಂಕು ಬಂದಾಗ ಕ್ರಿಮಿಗಳ ಕೈಗೆ ಕಬ್ಬಿಣ ಸಿಗಬಾರದು ಅಂತ ಇರೋ ವ್ಯವಸ್ಥೆ. ಒಳ್ಳೇದಕ್ಕೇ ಇರೋದು. ಆದ್ರೆ ದೀರ್ಘ ಕಾಯಿಲೆಯಲ್ಲಿ ಮುಚ್ಚಿದ ಬಾಗಿಲು ಮುಚ್ಚೇ ಇರುತ್ತೆ."

"ನಿಯಮ ಮಾಡೋವಾಗ ಎಲ್ರೂ ಒಳ್ಳೇದಕ್ಕೇ ಮಾಡೋದು," ಎಂದರು ಅವರು.

ಆದರೂ ಅಷ್ಟಕ್ಕೇ ಒಪ್ಪುವ ಆಸಾಮಿಯಲ್ಲ ನಮ್ಮವರು. ಪರೀಕ್ಷೆ ಅಂದರೆ ಮತ್ತೆ ಸೂಜಿ, ಮತ್ತೆ ಸಾಲು, ಮತ್ತೆ ಅದೇ ಬೆಂಚು. "ಹೃದಯ ಹಳೇದಾಗಿದೆ ಅಂತ ಗೊತ್ತೇ ಇದೆಯಲ್ಲಮ್ಮ. ಇನ್ನೇನು ಹೊಸದಾಗಿ ಗೊತ್ತಾಗಬೇಕು?" ಎಂದರು.

ನರ್ಸ್ ಎದ್ದು ನಿಂತಳು. ಅವಳಿಗೆ ನಿದ್ದೆ ಎಳೆಯುತ್ತಿತ್ತು. "ಹಳೇ ಬಸ್ಸು ದಾರಿಯಲ್ಲಿ ನಿಂತ್ರೆ ಏನು ಮಾಡ್ತೀರಿ ಭಾವ? ಹಳೇದಾಯ್ತು ಅಂತ ಅಲ್ಲೇ ಬಿಟ್ಟು ಬರ್ತೀರಾ?"

"ಏನು ಹೋಗಿದೆ ಅಂತ ನೋಡ್ತೀವಿ."

"ಅಷ್ಟು ನೋಡಿ ಸಾಕು. ಎರಡು ಪರೀಕ್ಷೆ ಕೇಳಿ ಡಾಕ್ಟರ್ ಹತ್ರ. ಒಂದು ಫೆರಿಟಿನ್, ಉಗ್ರಾಣದಲ್ಲಿ ಎಷ್ಟಿದೆ ಅಂತ ಹೇಳುತ್ತೆ. ಇನ್ನೊಂದು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ರಕ್ತದಲ್ಲಿ ಎಷ್ಟು ಓಡಾಡ್ತಿದೆ ಅಂತ ಹೇಳುತ್ತೆ. ಮತ್ತೆ ಭಾವ, ಡಾಕ್ಟರ್ ಹೇಗಿದೀರಿ ಅಂದ್ರೆ ಬೆಂಚಿನ ಮೇಲೆ ಹೇಗಿದೀರಿ ಅಂತ ಹೇಳಬೇಡಿ. ಏಣಿ ಮೇಲೆ ಹೇಗಿದೀರಿ ಅಂತ ಹೇಳಿ." ಬಾಗಿಲ ಬಳಿ ತಿರುಗಿ ನನ್ನನ್ನು ನೋಡಿದಳು. "ನೀವೂ ಒಂದ್ಸಲ ನೋಡಿಸ್ಕೊಳ್ಳಿ ಅಕ್ಕ. ನಿಮ್ಮ ಮುಖನೂ ಬಿಳುಚ್ಕೊಂಡಿದೆ." ನನ್ನ ಮುಖವನ್ನು ಯಾರಾದರೂ ನೋಡಿ ಎಷ್ಟು ದಿನವಾಗಿತ್ತೋ.

ಸೋಮವಾರ ಯಜಮಾನರು ಬೀಗದ ಕೈ ತೆಗೆದುಕೊಂಡು ಮ್ಯಾನೇಜರ ಮುಂದೆ ನಿಂತರು. ನಾನೂ ಜೊತೆಗೆ ಹೋಗಿದ್ದೆ. ಬೇಡ ಎಂದಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಲ್ಲಿ ಏನು ಹೇಳುತ್ತಾರೋ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಬಂದುಬಿಡುತ್ತಾರೋ ಎಂದು ಪಕ್ಕದಲ್ಲೇ ನಿಂತೆ.

"ಸಾಮಾನು ಎಲ್ಲೂ ಹೋಗಿಲ್ಲ ಸಾರ್, ಅಟ್ಟದ ಮೇಲೇ ಇದೆ," ಎಂದರು. "ನಂಗೆ ಹತ್ತೋಕೆ ಆಗ್ತಿಲ್ಲ. ಹೇಳೋಕೆ ಮನಸ್ಸು ಬರಲಿಲ್ಲ. ಅದಕ್ಕೆ ಇಲ್ಲ ಅಂದೆ. ಎಣಿಸಿ ನೋಡಿ."

ಮ್ಯಾನೇಜರು ಬೀಗದ ಕೈ ತೆಗೆದುಕೊಂಡರು. ಎಣಿಕೆ ಮುಗಿಯುವ ತನಕ ಗೇಟಿನ ಬಳಿ ಕೂತಿರಲು ಹೇಳಿದರು. ಬರುವ ಹೋಗುವ ಬಸ್ಸಿನ ನಂಬರು ಬರೆಯುವ ಕೆಲಸ. ಇಪ್ಪತ್ತಾರು ವರ್ಷದ ಮೇಲೆ ಅವರ ಸೊಂಟ ಬರಿದಾಗಿತ್ತು. ಸಂಜೆ ಮನೆಗೆ ಬಂದು ಎರಡು ಸಲ ಸೊಂಟ ಮುಟ್ಟಿ ನೋಡಿಕೊಂಡರು.

ಆ ವಾರವೇ ಡಾಕ್ಟರ ಬಳಿ ಹೋದೆವು. ಈ ಸಲ ನನ್ನ ಕಾಲು ತುಳಿಯಲಿಲ್ಲ. ಏಣಿಯ ಕಥೆ, ಚಪ್ಪಲಿಯ ಕಥೆ, ನಾನು ಕೊಟ್ಟ ಮಾತ್ರೆಯ ಕಥೆ, ಎಲ್ಲ ಹೊರಬಂತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟು ದಿನ ಚೆನ್ನಾಗಿದೀನಿ ಅಂತಿದ್ರಲ್ಲ."

"ಇಲ್ಲಿಗೆ ಬರೋವಾಗ ಚೆನ್ನಾಗೇ ಇರ್ತಿದ್ದೆ ಸಾರ್."

ಡಾಕ್ಟರು ನಗಲಿಲ್ಲ. "ನಾನೂ ಬಿಡಿಸಿ ಕೇಳಬೇಕಿತ್ತು, ಮೊದಲೇ ಈ ಪರೀಕ್ಷೆ ಬರೀಬೇಕಿತ್ತು," ಎಂದರು. ಆ ಮಾತಿಗೆ ಅವರ ಮೇಲಿನ ನನ್ನ ಅರ್ಧ ಸಿಟ್ಟು ಇಳಿಯಿತು. ಪರೀಕ್ಷೆಯಲ್ಲಿ ಫೆರಿಟಿನ್ ನೂರಾ ಅರವತ್ತು ಬಂತು. ಸ್ಯಾಚುರೇಶನ್ ಶೇಕಡಾ ಹನ್ನೊಂದು. ಇಪ್ಪತ್ತಾದರೂ ಇರಬೇಕಿತ್ತಂತೆ. ಉಗ್ರಾಣದಲ್ಲಿ ಇದೆ, ಓಡಾಡುತ್ತಿಲ್ಲ, ನರ್ಸ್ ಹೇಳಿದ ಎರಡನೇ ಥರದ್ದು ಎಂದು ನಾನೇ ಡಾಕ್ಟರಿಗೆ ಹೇಳಿದೆ. ಅವರು ಹುಬ್ಬೇರಿಸಿದರು. ಮಲ ಕಪ್ಪಗೆ ಹೋಗುತ್ತದೆಯೇ, ಎಲ್ಲಾದರೂ ರಕ್ತ ಹೋಗುತ್ತಿದೆಯೇ ಎಂದೆಲ್ಲ ಕೇಳಿದರು. ಇವರ ಹಾಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಹೊಟ್ಟೆಯೊಳಗೆ ಗೊತ್ತಾಗದ ಹಾಗೆ ರಕ್ತ ಸೋರುವುದುಂಟಂತೆ. ಅದನ್ನೂ ಪರೀಕ್ಷೆ ಮಾಡಿದರು. ಅಂಥದ್ದೇನೂ ಇರಲಿಲ್ಲ.

ಕಬ್ಬಿಣವನ್ನು ನರದ ಮೂಲಕ ಡ್ರಿಪ್ಪಿನಲ್ಲಿ ಕೊಡುತ್ತೇವೆ ಎಂದರು. ಕರುಳಿನ ಮುಚ್ಚಿದ ಬಾಗಿಲನ್ನು ತಟ್ಟುತ್ತ ಕೂರುವ ಬದಲು ನೇರ ರಕ್ತಕ್ಕೇ ಇಳಿಸುವುದು. ಹಿಂದೆ ಯಾವುದಾದರೂ ಔಷಧಿ ಒಗ್ಗದೆ ಮೈ ತುರಿಸಿತ್ತೇ ಎಂದು ವಿಚಾರಿಸಿದರು. ಬಾಟಲಿಯಲ್ಲಿದ್ದ ದ್ರವ ಕಡು ಚಹಾದ ಬಣ್ಣಕ್ಕಿತ್ತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಮುಗಿದ ಮೇಲೆ ಇನ್ನೂ ಅರ್ಧ ಗಂಟೆ ಅಲ್ಲೇ ಕೂರಿಸಿ, ಬಿ.ಪಿ. ನೋಡಿ ಕಳಿಸಿದರು.

"ನಾಳೆನೇ ಏಣಿ ಹತ್ತಬಹುದಾ?" ಎಂದು ಕೇಳಿದರು ಇವರು.

"ನಾಳೆ ಆಗಲ್ಲ. ಕೆಲವು ವಾರ ಬೇಕು. ಇದರಿಂದ ಹೃದಯ ಹೊಸದಾಗಲ್ಲ, ಮಾತ್ರೆಗಳು ಒಂದನ್ನೂ ಬಿಡಬಾರದು," ಎಂದರು ಡಾಕ್ಟರು. "ಆದ್ರೆ ಇರೋ ಹೃದಯಕ್ಕೆ, ಇರೋ ಕಾಲಿಗೆ ಸ್ವಲ್ಪ ಬಲ ಬರಬಹುದು."

ಈ ನಡುವೆ ಉಗ್ರಾಣದ ಎಣಿಕೆ ನಾಲ್ಕು ದಿನ ನಡೆಯಿತು. ಒಂದು ನಟ್ಟು ಹೆಚ್ಚಿರಲಿಲ್ಲ, ಒಂದು ಬೋಲ್ಟು ಕಡಿಮೆಯಿರಲಿಲ್ಲ. ಫೋರ್‌ಮನ್ ಓಡಿಬಂದು ನನಗೆ ಸುದ್ದಿ ಹೇಳಿದ. ಈ ಸಲ ಕೊಟ್ಟ ಚಹಾ ಕುಡಿದೇ ಹೋದ. ಕಳ್ಳ ಎಂಬ ಮಾತು ಅಲ್ಲಿಗೆ ನಿಂತಿತು. ಬೀಗದ ಕೈ ಮಾತ್ರ ಮ್ಯಾನೇಜರ ಮೇಜಿನಲ್ಲೇ ಉಳಿಯಿತು. ಎರಡು ತಿಂಗಳು ನೋಡೋಣ ಎಂದಿದ್ದರಂತೆ.

ಮೊದಲ ಎರಡು ವಾರ ಏನೂ ಆಗಲಿಲ್ಲ. ಸುಸ್ತು ಅದೇ, ಕುರ್ಚಿ ಅದೇ. ನಾನು ನರ್ಸಿನ ಮೇಲೆ ಮನಸ್ಸಿನಲ್ಲೇ ಗೊಣಗಿದೆ. ಮೂರನೇ ವಾರವೋ ನಾಲ್ಕನೆಯದೋ, ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವರು ಕೂರಲಿಲ್ಲ. ಅಂಗಿ ಹಾಕಿಕೊಂಡರು, ತಲೆ ಬಾಚಿಕೊಂಡರು, ಚಹಾ ಎಲ್ಲಿ ಎಂದು ಕೇಳಿದರು. ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಬಾಯಿ ಬಿಡಲಿಲ್ಲ, ದೃಷ್ಟಿ ತಾಗುತ್ತದೇನೋ ಎಂಬ ಹಾಗೆ ಸುಮ್ಮನೆ ಚಹಾ ಕೊಟ್ಟೆ. ಆರನೇ ವಾರ ಇನ್ನೊಂದು ಡ್ರಿಪ್ಪು ಕೊಟ್ಟರು.

ಎರಡು ತಿಂಗಳ ಮೇಲೆ ಬೀಗದ ಕೈ ವಾಪಸು ಬಂತು. ಒಂದು ಷರತ್ತಿನ ಜೊತೆಗೆ ಬಂತು. ಕೌಂಟರಿನ ಬೋರ್ಡು ತೆಗೆಯಬೇಕು, ಮೇಲಿನ ಸಾಮಾನಿಗೆ ಮೆಕ್ಯಾನಿಕ್‌ಗಳು ಒಳಗೆ ಬರಬೇಕು. ಇವರು ಒಂದು ರಾತ್ರಿ ಪೂರ್ತಿ ಯೋಚಿಸಿದರು. ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ತಾವೇ ಹೋಗಿ ಬೋರ್ಡು ಬಿಚ್ಚಿದರಂತೆ.

ಮೊನ್ನೆ ಸೀಟ್ ಕವರಿನ ಕಟ್ಟು ಕೊಡಲು ವರ್ಕ್‌ಶಾಪಿಗೆ ಹೋಗಿದ್ದೆ. ಉಗ್ರಾಣದ ಮುಂದೆ ಗ್ರೀಸು ಮೆತ್ತಿಕೊಂಡ ಒಬ್ಬ ಮೆಕ್ಯಾನಿಕ್ ನಿಂತಿದ್ದ.

"ಅಣ್ಣ, ಮುಂದಿನ ಚಕ್ರದ ಬೇರಿಂಗ್ ಇದೆಯಾ?"

ನಾನು ಕಂಬದ ಮರೆಯಲ್ಲೇ ನಿಂತೆ.

"ಇದೆ," ಎಂದರು ನಮ್ಮವರು. "ಹನ್ನೊಂದಿತ್ತು, ಈಗ ಒಂಬತ್ತಿದೆ. ಅಟ್ಟದ ಮೇಲೆ ಎಡಗಡೆ, ಮೂರನೇ ಖಾನೆ. ನಂಗೆ ಏಳನೇ ಮೆಟ್ಟಿಲಿಗೆ ಸುಸ್ತಾಗುತ್ತೆ. ನೀನು ಹತ್ತು, ನಾನು ಏಣಿ ಹಿಡ್ಕೋತೀನಿ."

ಮೆಕ್ಯಾನಿಕ್ ಹತ್ತಿದ. ಇವರು ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತರು. ನಾಲ್ಕನೇ ಮೆಟ್ಟಿಲಿಗೆ ಕಣ್ಣು ಮಂಜಾಗುತ್ತಿದ್ದ ಮನುಷ್ಯ ಏಳರ ತನಕ ಬಂದಿದ್ದಾರೆ ಎಂಬುದು ನನಗೆ ಆಗ ಗೊತ್ತಾಯಿತು. ಆದರೆ ನನ್ನ ಕಣ್ಣಲ್ಲಿ ನೀರು ತರಿಸಿದ್ದು ಏಳು ಮೆಟ್ಟಿಲಲ್ಲ, ಸುಸ್ತಾಗುತ್ತದೆ ಎಂದು ಇನ್ನೊಬ್ಬರ ಎದುರಿಗೆ ಅವರ ಬಾಯಿಂದ ಬಂದ ಆ ಮಾತು.

ನಾನು ಓದಿದವಳಲ್ಲ, ಬಸ್ಸಿನ ಸೀಟು ಹೊಲಿಯುವವಳು. ನನಗೂ ದಣಿವಾಗಿದೆ. ಡಾಕ್ಟರು ನನಗೂ ಬರೆದುಕೊಟ್ಟ ರಕ್ತ ಪರೀಕ್ಷೆಯ ಚೀಟಿ ಇನ್ನೂ ಯಂತ್ರದ ಡ್ರಾಯರಿನಲ್ಲಿದೆ, ನಾಳೆ ಹೋಗುತ್ತೇನೆ. ಆದರೆ ಇಷ್ಟು ಹೇಳಿಯೇ ಏಳುತ್ತೇನೆ.

ನಿಮ್ಮ ಮನೆಯಲ್ಲಿ ಹೃದಯ ವೈಫಲ್ಯ ಇರುವವರಿದ್ದು, ಮಾತ್ರೆ ನುಂಗಿದರೂ ಸುಸ್ತು ಬಿಡದಿದ್ದರೆ, ವಯಸ್ಸು ಎಂದು ಬಿಡಬೇಡಿ, ನನ್ನ ಹಾಗೆ ಸೋಮಾರಿತನ ಎಂದಂತೂ ಅನ್ನಬೇಡಿ. ಹಿಮೋಗ್ಲೋಬಿನ್ ಸರಿಯಿದೆ ಎಂದು ಸುಮ್ಮನಾಗಬೇಡಿ. ಕಬ್ಬಿಣಾಂಶದ ಆ ಎರಡು ಪರೀಕ್ಷೆಯ ಬಗ್ಗೆ ಡಾಕ್ಟರನ್ನು ನೀವೇ ಬಾಯಿಬಿಟ್ಟು ಕೇಳಿ. ಡಬ್ಬಿಯಲ್ಲಿ ಉಳಿದ ಮಾತ್ರೆ ಕೊಡಬೇಡಿ. ಡ್ರಿಪ್ಪು ಬೇಕೇ ಬೇಡವೇ ಎಂಬುದು ಪರೀಕ್ಷೆ ನೋಡಿ ಅವರು ತೀರ್ಮಾನಿಸುತ್ತಾರೆ, ಎಲ್ಲರಿಗೂ ಅದು ಬೇಕಾಗುವುದಿಲ್ಲ. ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ, ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮುಂದಿನ ಭೇಟಿಯ ತಾರೀಕು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.

ಮತ್ತೆ, ಮೆಟ್ಟಿಲ ತಿರುವಿನಲ್ಲಿ ಯಾರಾದರೂ ನಿಂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರೆ ಹೊಸ ಚಪ್ಪಲಿ ತಂದುಕೊಡಬೇಡಿ. ಸುಸ್ತಾಯಿತೇ ಎಂದು ಒಂದು ಮಾತು ಕೇಳಿ. ನಾನು ಕೇಳುವುದಕ್ಕೆ ಆರು ತಿಂಗಳು ತಡ ಮಾಡಿದೆ.